ನೌಕೆಯನ್ನು ತೊರೆಯುವ ಗಳಿಗೆ: 1979ರ ಫಾಸ್ಟ್‌ನೆಟ್ ಪಂದ್ಯವನ್ನು ಕುರಿತು ಒಂದು ವಿವೇಚನೆ

ಜಲಯಾನದಲ್ಲಿ ಪ್ರಾಣರಕ್ಷಣೆಯ ಇತಿಹಾಸವನ್ನು ಬಹುಮಟ್ಟಿಗೆ ಸಾಧನಗಳ ಇತಿಹಾಸವೆಂದೇ ಭಾವಿಸಲಾಗುತ್ತದೆ. ಇದು ನಿರಾಧಾರವಲ್ಲ. 1861ರ ಫೆಬ್ರವರಿ 9ರಂದು ಇಂಗ್ಲೆಂಡಿನ ವಿಟ್ಬಿಯಲ್ಲಿ, ಬಿರುಗಾಳಿಗೆ ಸಿಕ್ಕ ಹಡಗುಗಳ ಜನರನ್ನು ಉಳಿಸಲು ಮತ್ತೆ ಮತ್ತೆ ಕಡಲಿಗಿಳಿದ ರಕ್ಷಣಾದೋಣಿಯು ಕಡೆಗೆ ಮಗುಚಿ, ಅದರಲ್ಲಿದ್ದ 13 ಮಂದಿಯಲ್ಲಿ 12 ಮಂದಿ ಮಡಿದರು. ಬದುಕಿ ಬಂದವನು ಹೆನ್ರಿ ಫ್ರೀಮನ್ ಒಬ್ಬನೇ. ಹೊಸ ಬಗೆಯ ಬೆಂಡಿನ ಅಂಗಿಯನ್ನು ತೊಟ್ಟಿದ್ದವನೂ ಅವನೊಬ್ಬನೇ. ಸಾಕ್ಷ್ಯವು ಇಷ್ಟು ಸ್ಪಷ್ಟವಾಗಿರುವಲ್ಲಿ ತೀರ್ಮಾನವು ಸುಲಭ.

ಸಾಧನಗಳು ಕೈಯಳತೆಯಲ್ಲಿದ್ದೂ ಅನಾಹುತವೊದಗಿದರೆ ಇತಿಹಾಸವು ಏನನ್ನು ಹೇಳಬೇಕು? ಈ ಪ್ರಶ್ನೆಗೆ 1979ರ ಫಾಸ್ಟ್‌ನೆಟ್ ಪಂದ್ಯವು ತಕ್ಕ ನಿದರ್ಶನವಾಗಿದೆ. 1925ರಲ್ಲಿ ಆರಂಭವಾದ ಈ ಹಾಯಿನೌಕೆಗಳ ಪಂದ್ಯವು ಆಗ ಕೌಸ್‌ನಿಂದ ಹೊರಟು, ಐರ್ಲೆಂಡಿನ ದಕ್ಷಿಣಕ್ಕಿರುವ ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿ, ಪ್ಲಿಮತ್‌ನಲ್ಲಿ ಮುಗಿಯುತ್ತಿತ್ತು. ದೂರ ಸುಮಾರು 600 ನಾವಿಕ ಮೈಲಿ. ಆ ವರ್ಷ 303 ನೌಕೆಗಳು ಹೊರಟವು. ಆಗಸ್ಟ್ 13ರ ರಾತ್ರಿ ಬಿರುಗಾಳಿ ಎದ್ದಾಗ ಅವುಗಳಲ್ಲಿ ಬಹುಪಾಲು ಆಶ್ರಯ ದೊರೆಯಬಲ್ಲ ಬಂದರುಗಳಿಂದ ದೂರದಲ್ಲಿದ್ದವು. ಪಂದ್ಯದಲ್ಲಿದ್ದ 15 ಮಂದಿ ಪ್ರಾಣ ಕಳೆದುಕೊಂಡರು.

ಅನಂತರ ನಡೆದ ವಿಚಾರಣೆಯಿಂದ ಹೊರಬಿದ್ದ ಸಂಗತಿಗಳು ಗಮನಾರ್ಹವಾಗಿವೆ. 24 ನೌಕೆಗಳನ್ನು ಅವುಗಳ ಜನರು ತೊರೆದಿದ್ದರು. ಮುಳುಗಿದವು 5 ಮಾತ್ರ. ಸತ್ತವರಲ್ಲಿ ಏಳು ಮಂದಿಯ ಮರಣವು ರಕ್ಷಣೆಯ ತೆಪ್ಪಗಳಿಗೆ ಸಂಬಂಧಿಸಿದ ಅವಘಡಗಳಲ್ಲಿ ಸಂಭವಿಸಿತು. ಅವರು ಬಿಟ್ಟುಹೋದ ನೌಕೆಗಳಾದರೋ ತೇಲುತ್ತಿದ್ದು, ಬಳಿಕ ಬಂದರು ಸೇರಿದವು. ಇನ್ನು ಕೆಲವರನ್ನು ನೌಕೆಗೆ ಬಿಗಿದಿದ್ದ ರಕ್ಷಣಾಪಟ್ಟಿಗಳೇ ಕಿತ್ತುಹೋದವು.

ಇದರಿಂದ, ತೆಪ್ಪವನ್ನೇರಿದವರು ಅವಿವೇಕಿಗಳೆಂದು ಹೇಳುವುದು ನ್ಯಾಯವೆ? ಅಲ್ಲವೆಂದೇ ನಾವು ಭಾವಿಸುತ್ತೇವೆ. ನೌಕೆಯು ತೇಲಿ ಉಳಿಯಿತೆಂಬುದು ನಮಗೆ ತಿಳಿದಿದೆ. ಕತ್ತಲೆಯಲ್ಲಿ, ಕೂವೆಮರ ಮುರಿದು, ಒಳಗೆ ನೀರು ತುಂಬಿ, ನೌಕೆಯೇ ಉರುಳುತ್ತಿದ್ದಾಗ ಅವರಿಗೆ ತಿಳಿದಿರಲಿಲ್ಲ. ಫಲವನ್ನು ಅರಿತವನು, ಅದನ್ನು ಅರಿಯದವನ ಮೇಲೆ ತೀರ್ಪು ಕೊಡುವುದು ಇತಿಹಾಸಕ್ಕೆ ಶೋಭಿಸದು. ಆದರೆ ಅನುಕಂಪದಿಂದ ಪಾಠವನ್ನು ಮರೆಮಾಚುವುದೂ ಸಲ್ಲದು. ಅಂಥ ಗಳಿಗೆಯಲ್ಲಿ ಹೊಸದಾಗಿ ಯೋಚಿಸಲು ಮನುಷ್ಯನಿಗೆ ಅವಕಾಶವಿರುವುದಿಲ್ಲ; ಆದುದರಿಂದ ನಿರ್ಧಾರದ ನಿಯಮವು ದಡದಲ್ಲಿಯೇ ಮನಸ್ಸಿನಲ್ಲಿ ನೆಲೆಗೊಂಡಿರಬೇಕು.

ನೌಕೆಯು ನಿಜವಾಗಿ ಮುಳುಗುತ್ತಿರುವಾಗ, ಇಲ್ಲವೆ ಬೆಂಕಿಯಿಂದ ಅದರಲ್ಲಿ ನಿಲ್ಲಲಾಗದಿರುವಾಗ ಮಾತ್ರ ತೆಪ್ಪವನ್ನು ಆಶ್ರಯಿಸಬೇಕು ಎಂಬುದೇ ಆ ನಿಯಮ. ನೌಕೆಯಿಂದ ತೆಪ್ಪಕ್ಕೆ ಇಳಿಯಬಾರದು, ಹತ್ತಬೇಕು ಎಂದು ನಾವಿಕರು ಇದನ್ನೇ ಹೇಳುತ್ತಾರೆ. ಕೆರೆ ಹೊಳೆಗಳಲ್ಲಿ ವಿಹರಿಸುವ ಸಣ್ಣ ದೋಣಿಗೂ ಇದರ ತತ್ತ್ವ ಅನ್ವಯಿಸುತ್ತದೆ: ದೋಣಿ ಮಗುಚಿದರೂ ತೇಲುತ್ತಿದ್ದರೆ, ಸಾಮಾನ್ಯವಾಗಿ ದಡಕ್ಕೆ ಈಜಹೊರಡುವುದಕ್ಕಿಂತ ಅದನ್ನೇ ಹಿಡಿದು ನಿಲ್ಲುವುದು ಕ್ಷೇಮ. ದೂರದಿಂದ ನೋಡುವವರಿಗೂ ಈಜುವವನ ತಲೆಗಿಂತ ದೋಣಿಯೇ ಬೇಗ ಕಾಣುತ್ತದೆ.

ವಿಟ್ಬಿಯಲ್ಲಿ ಬೆಂಡಿನ ಅಂಗಿಯು ಒಬ್ಬನನ್ನು ಉಳಿಸಿತು. ಅವನು ಅದನ್ನು ಮೊದಲೇ ತೊಟ್ಟಿದ್ದನೆಂಬುದನ್ನು ಮರೆಯಬಾರದು. ಸಾಧನವಾಗಲಿ ವಿವೇಕವಾಗಲಿ, ಆಪತ್ತು ಬಂದ ಮೇಲೆ ಹುಡುಕತಕ್ಕದ್ದಲ್ಲ ಎಂಬುದನ್ನು ಈ ಎರಡು ಘಟನೆಗಳೂ ಸಮಾನವಾಗಿ ತೋರಿಸುತ್ತವೆ.