ಮುದಿ ಕುದುರೆಯ ಮಿದುಳು: ಶವಪರೀಕ್ಷೆಯ ಮೇಜಿನಿಂದ ಸ್ಕ್ಯಾನಿನವರೆಗೆ

ಕುದುರೆ ಒಂದು ಬಾಯಿ ಹುಲ್ಲು ಕಚ್ಚುತ್ತದೆ, ಎರಡು ಸಲ ಜಗಿಯುತ್ತದೆ, ಆಮೇಲೆ ಮರೆತೇಬಿಡುತ್ತದೆ. ಎಳೆಗಳು ತುಟಿಯಿಂದ ಜೋತಾಡುತ್ತಿರುತ್ತವೆ. ನೀರಿಗೆ ಬಾಗಿದರೆ ಮೂಗಿನ ಹೊಳ್ಳೆಗಳೂ ಮುಳುಗುವಷ್ಟು ಮುಖ ಅದ್ದುತ್ತದೆ. ಮುಂಗಾಲುಗಳನ್ನು ಕತ್ತರಿಯ ಹಾಗೆ ಅಡ್ಡಡ್ಡ ಇಟ್ಟರೆ ಹಾಗೆಯೇ ನಿಂತುಬಿಡುತ್ತದೆ. ಕಿವಿಯೊಳಗೆ ಬೆರಳು ಹಾಕಿದರೂ ತಲೆ ಕೊಡವುವುದಿಲ್ಲ. ಜರ್ಮನ್ನರು ಇದನ್ನು ‘ಡುಮ್‌ಕೊಲ್ಲರ್’ ಎಂದು ಕರೆದರು. ಕನ್ನಡದಲ್ಲಿ ಮಂಕುರೋಗ ಎನ್ನಬಹುದು. 1899ರ ಮಾರ್ಚ್‌ನಲ್ಲಿ ಹೊರಟ ಜರ್ಮನ್ ಚಕ್ರವರ್ತಿಯ ಆಜ್ಞೆಯೊಂದು, ಕೊಂಡ ಕುದುರೆಯಲ್ಲಿ 14 ದಿನಗಳೊಳಗೆ ಈ ದೋಷ ಕಂಡರೆ ಮಾರಿದವನೇ ಹೊಣೆ ಎಂದು ವಿಧಿಸಿತು. ಕಾರಣ ಏನೆಂಬುದನ್ನು ಕಾನೂನು ಕೇಳಲಿಲ್ಲ, ಲಕ್ಷಣಗಳಷ್ಟೇ ಅದಕ್ಕೆ ಸಾಕಿದ್ದವು.

ಕಾರಣ ಬೇಕಾದವರು ಕುದುರೆ ಸತ್ತ ಮೇಲೆ ತಲೆಬುರುಡೆ ತೆರೆಯಬೇಕಿತ್ತು. ಹಾಗೆ ತೆರೆದವರಿಗೆ ಮುದಿ ಕುದುರೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದ್ದು ಒಂದು ವಿಚಿತ್ರ ಗಂಟು. ಮಿದುಳಿನ ಕುಹರಗಳಲ್ಲಿ ದ್ರವವನ್ನು ಸ್ರವಿಸುವ ಕೊರಾಯ್ಡ್ ಪ್ಲೆಕ್ಸಸ್ ಎಂಬ ರಕ್ತನಾಳಗಳ ಗೊಂಚಲಿದೆ. ಗಂಟು ಬೆಳೆಯುವುದು ಅಲ್ಲಿ. ಕೊಯ್ದರೆ ಹಳದಿ ಮಿಶ್ರಿತ ಕಂದು ಬಣ್ಣ, ಮುತ್ತಿನಂಥ ಹೊಳಪು, ಬೆರಳಿಗೆ ಪುಡಿಪುಡಿ. ಸೂಕ್ಷ್ಮದರ್ಶಕದಲ್ಲಿ ಸೂಜಿಯಾಕಾರದ ಖಾಲಿ ಸೀಳುಗಳು ಕಾಣುತ್ತವೆ. ಅವು ಕೊಲೆಸ್ಟರಾಲ್ ಹರಳುಗಳಿದ್ದ ಜಾಗಗಳು. ಮಾದರಿಯನ್ನು ಸಿದ್ಧಪಡಿಸುವ ದ್ರಾವಕಗಳಲ್ಲಿ ಹರಳು ಕರಗಿ ಅದರ ಅಚ್ಚು ಮಾತ್ರ ಉಳಿದಿರುತ್ತದೆ. ಸುತ್ತ ಹಳೆಯ ರಕ್ತದ ಕಬ್ಬಿಣದ ಕಲೆ. ಸಣ್ಣಪುಟ್ಟ ರಕ್ತಸ್ರಾವಗಳು ವರ್ಷಗಟ್ಟಲೆ ಮರುಕಳಿಸಿ ಈ ಗಂಟು ಕಟ್ಟುತ್ತದೆ ಎಂಬುದೇ ಹೆಚ್ಚು ಒಪ್ಪಿತವಾದ ವಿವರಣೆ.

ಪಠ್ಯಪುಸ್ತಕಗಳ ಪ್ರಕಾರ ಇದು ವಯಸ್ಸಾದ ಕುದುರೆಗಳಲ್ಲಿ ಶೇ. 15ರಿಂದ 20ರಷ್ಟರಲ್ಲಿದೆ. ಅವುಗಳಲ್ಲಿ ಬಹುಪಾಲು ಸಾಯುವವರೆಗೂ ಚೆನ್ನಾಗಿಯೇ ಮೇದು, ಚೆನ್ನಾಗಿಯೇ ನಡೆದವು. ಗಂಟು ದೊಡ್ಡದಾಗಿ ದ್ರವದ ದಾರಿ ಕಟ್ಟಿದಾಗ ಮಾತ್ರ ಕುಹರಗಳು ಉಬ್ಬಿ ಮಂಕು, ತೂರಾಟ, ಸೆಳವು ಶುರುವಾಗುತ್ತವೆ. ಹಾಗಾಗಿ ಗಂಟು ಸಿಕ್ಕಿತೆಂದರೆ ರೋಗವೂ ಸಿಕ್ಕಿತೆಂದು ಹೇಳಲಾಗದು. ಬೂಷ್ಟು ಹಿಡಿದ ಮೆಕ್ಕೆಜೋಳದ ವಿಷದ ಕಥೆ ಬೇರೆ. ಅಲ್ಲಿ ಮಿದುಳಿನ ಬಿಳಿಭಾಗ ಕರಗಿ ಗುಳಿ ಬೀಳುತ್ತದೆ, ಕುದುರೆಯೂ ಬೇಗ ಸಾಯುತ್ತದೆ. 1988ರಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಫ್ಯುಮೊನಿಸಿನ್ ಎಂಬ ವಿಷವನ್ನು ಬೇರ್ಪಡಿಸಿ, ಅದನ್ನೇ ಕುದುರೆಗೆ ಕೊಟ್ಟು ರೋಗ ಬರಿಸಿ ತೋರಿಸಿದರು. ವೃದ್ಧಾಪ್ಯದ ವಿಕೃತಿಗಳಲ್ಲಿ ಇಷ್ಟು ನೇರವಾದ ಸಂಬಂಧ ಅಪರೂಪ.

ಜೀವಂತ ತಲೆಯೊಳಗೆ ನೋಡುವ ದಾರಿ ತೆರೆದದ್ದು 1971ರಲ್ಲಿ, ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಮೊದಲ ರೋಗಿಯ ಮಿದುಳನ್ನು ತೋರಿಸಿದಾಗ. ಮನುಷ್ಯನ ಅಳತೆಗೆ ಮಾಡಿದ ಆ ಯಂತ್ರಕ್ಕೆ 500 ಕಿಲೋ ತೂಕದ ಪ್ರಾಣಿಯನ್ನು ಒಗ್ಗಿಸಲು ವರ್ಷಗಳೇ ಹಿಡಿದವು. 1988ರಲ್ಲಿ ಅಮೆರಿಕದ ಪಶುವೈದ್ಯರು ಕುದುರೆಯ ಪಿಟ್ಯುಟರಿ ಗೆಡ್ಡೆಯನ್ನು ಸಿ.ಟಿ.ಯಿಂದ ಪತ್ತೆಹಚ್ಚುವ ಬಗೆಯನ್ನು ಪ್ರಕಟಿಸಿದರು. 2002ರಲ್ಲಿ ನರರೋಗದ 12 ಕುದುರೆಗಳ ಎಂ.ಆರ್.ಐ. ವರದಿ ಬಂತು. ಹನ್ನೆರಡೇ ಎಂದು ಹಗುರವಾಗಿ ನೋಡಬಾರದು. ಎಂ.ಆರ್.ಐ.ಗೆ ಕುದುರೆಯ ತಲೆಯನ್ನು ಒಳಸೇರಿಸಬೇಕಾದರೆ ಪೂರ್ಣ ಅರಿವಳಿಕೆ ಬೇಕು. ಅದೇ 2002ರಲ್ಲಿ 41,824 ಅರಿವಳಿಕೆಗಳ ಲೆಕ್ಕ ಪ್ರಕಟವಾಯಿತು; ಹೊಟ್ಟೆಶೂಲೆಯ ಕುದುರೆಗಳನ್ನು ಬಿಟ್ಟರೂ ಸುಮಾರು ಶೇ. 0.9ರಷ್ಟು ಸತ್ತಿದ್ದವು. ಚಿತ್ರ ತೆಗೆಸಬೇಕೇ ಎಂಬ ಪ್ರಶ್ನೆ ಮುದಿ ಕುದುರೆಯ ಮಟ್ಟಿಗೆ ಪ್ರಾಣದ ಪ್ರಶ್ನೆಯೇ.

ಪಿಟ್ಯುಟರಿಯ ವಿಷಯವನ್ನೇ ನೋಡಿ. ಹೈಪೊಥಲಾಮಸ್‌ನಿಂದ ಬರುವ ಡೋಪಮೈನ್ ನರಗಳು ಸವೆದಾಗ ಗ್ರಂಥಿಯ ನಡುಭಾಗ ಕಡಿವಾಣವಿಲ್ಲದೆ ಬೆಳೆಯುತ್ತದೆ. ಬೇಸಿಗೆಯಲ್ಲೂ ಉದುರದ ಉದ್ದ ಕೂದಲು, ಕರಗಿದ ಬೆನ್ನು, ಗೊರಸಿನ ಬಾವು ಅದರ ಗುರುತು. ಹದಿನೈದು ದಾಟಿದ ಕುದುರೆಗಳಲ್ಲಿ ಸುಮಾರು ಐದಕ್ಕೊಂದರಲ್ಲಿ ಈ ರೋಗವಿದೆ. ಆದರೆ ಇಂದು ಇದನ್ನು ಪತ್ತೆಮಾಡುವುದು ಸ್ಕ್ಯಾನಿನಿಂದಲ್ಲ, ರಕ್ತದಲ್ಲಿನ ಎ.ಸಿ.ಟಿ.ಎಚ್. ಹಾರ್ಮೋನಿನ ಅಳತೆಯಿಂದ. ಅಗ್ಗದ, ಅಪಾಯವಿಲ್ಲದ ಪರೀಕ್ಷೆ ಗೆದ್ದದ್ದು ಸರಿಯೇ.

ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಅತ್ಯಂತ ಬೆಲೆಬಾಳುವ ಕೆಲಸ ಸದ್ದಿಲ್ಲದೆ ನಡೆದದ್ದು. 2006ರಲ್ಲಿ ಐರ್ಲೆಂಡಿನ ರೋಗಶಾಸ್ತ್ರಜ್ಞರು 100 ಕುದುರೆಗಳ ಮಿದುಳನ್ನು ಕ್ರಮವಾಗಿ ಪರೀಕ್ಷಿಸಿ, ವಯಸ್ಸಿನೊಂದಿಗೆ ಬರುವ ಬದಲಾವಣೆಗಳು ಯಾವುವು, ವಯಸ್ಸಿಗೆ ಸಂಬಂಧವಿಲ್ಲದವು ಯಾವುವು ಎಂದು ವಿಂಗಡಿಸಿದರು. ನರಕೋಶಗಳಲ್ಲಿ ಲಿಪೊಫಸಿನ್ ಎಂಬ ಬಣ್ಣದ ಕಣಗಳು ಸೇರುವುದು ವಯಸ್ಸಿನ ಗುರುತು. ಇಂಥ ಪಟ್ಟಿ ಕೈಯಲ್ಲಿಲ್ಲದೆ ಸ್ಕ್ಯಾನಿನ ಚುಕ್ಕೆಯನ್ನು ಓದಲಾಗದು, ಏಕೆಂದರೆ ಸಹಜ ಮುಪ್ಪು ಹೇಗಿರುತ್ತದೆಂದು ಚಿತ್ರ ತಾನಾಗಿ ಹೇಳುವುದಿಲ್ಲ.

ಆದ್ದರಿಂದ ಕುದುರೆ ಸಾಕುವವರಲ್ಲಿ, ಪಶುವೈದ್ಯರಲ್ಲಿ ಒಂದು ಬೇಡಿಕೆ: ಸ್ಕ್ಯಾನ್ ಆದ ಮುದಿ ಕುದುರೆ ಸತ್ತಾಗ ಅದನ್ನು ಹಾಗೆಯೇ ಹೂಳಬೇಡಿ. ಶವಪರೀಕ್ಷೆಗೆ ಒಪ್ಪಿ, ಸಿಕ್ಕಿದ್ದನ್ನು ಹಳೆಯ ಚಿತ್ರದ ಪಕ್ಕದಲ್ಲಿ ಇಟ್ಟು ದಾಖಲಿಸಿ.