ಎಣ್ಣೆಕಾಗದದಿಂದ ಜಿಐಎಸ್‌ವರೆಗೆ



ನನ್ನ ಭೂಗೋಳದ ತರಗತಿಯಲ್ಲಿ ಕುಳಿತವರಿಗೆ ಎಣ್ಣೆಕಾಗದದ ನೆನಪು ಇದ್ದೇ ಇರುತ್ತದೆ. ಬಿಳಿಯ ಹಾಳೆಗೆ ಕೊಬ್ಬರಿ ಎಣ್ಣೆ ಸವರಿ, ಅಟ್ಲಾಸಿನ ಮೇಲಿಟ್ಟು, ಒಂದರಲ್ಲಿ ಕರ್ನಾಟಕದ ಮಳೆ, ಇನ್ನೊಂದರಲ್ಲಿ ಮಣ್ಣು, ಮತ್ತೊಂದರಲ್ಲಿ ಬೆಳೆ ಎಂದು ನಕಲು ತೆಗೆಯುತ್ತಿದ್ದಿರಿ. ಮೂರನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದಾಗ, ಹತ್ತಿ ಮತ್ತು ಬಿಳಿಜೋಳ ಉತ್ತರದ ಕಪ್ಪುಮಣ್ಣಿನಲ್ಲೇ ಏಕೆ ಹೆಚ್ಚು ಎಂಬುದು ನಿಮಗೇ ಹೊಳೆಯುತ್ತಿತ್ತು. ಇದೇ ಉಪಾಯವನ್ನು ಗಣಕಯಂತ್ರಕ್ಕೆ ಕಲಿಸಿದಾಗ ಹುಟ್ಟಿದ್ದು ಭೌಗೋಳಿಕ ಮಾಹಿತಿ ವ್ಯವಸ್ಥೆ, ಅರ್ಥಾತ್ ಜಿಐಎಸ್.

ಆಲೋಚನೆ ಯಂತ್ರಕ್ಕಿಂತ ಹಳೆಯದು. 1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಕಾಲರಾ ಹಬ್ಬಿತು. ಕೆಟ್ಟ ಗಾಳಿಯೇ ಕಾರಣವೆಂದು ಬಹುಮಂದಿ ನಂಬಿದ್ದ ಕಾಲವದು. ಜಾನ್ ಸ್ನೋ ಎಂಬ ವೈದ್ಯರು ಸಾವು ಸಂಭವಿಸಿದ ಮನೆಗಳನ್ನೂ ನೀರಿನ ಪಂಪುಗಳನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿದರು. ಸಾವುಗಳು ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತ ಗುಂಪುಗೂಡಿದ್ದವು. ಎರಡು ಬಗೆಯ ಮಾಹಿತಿ ಒಂದೇ ನೆಲದ ಮೇಲೆ ಕೂಡಿದಾಗ ಮೂರನೆಯ ಸತ್ಯವೊಂದು ಕಾಣಿಸಿತು.

ಯಂತ್ರವನ್ನು ಈ ಕೆಲಸಕ್ಕೆ ತೊಡಗಿಸಿದವರಲ್ಲಿ ಮೊದಲಿಗರು ರೋಜರ್ ಟಾಮ್ಲಿನ್‌ಸನ್. ಒಟ್ಟಾವದ ವೈಮಾನಿಕ ಸಮೀಕ್ಷಾ ಸಂಸ್ಥೆಯೊಂದರಲ್ಲಿದ್ದ ಅವರಿಗೆ, ಕೀನ್ಯಾದಲ್ಲಿ ಮರಗಳ ನೆಡುತೋಪಿಗೆ ತಕ್ಕ ಜಾಗ ಹುಡುಕುವ ಕೆಲಸ ಎದುರಾಯಿತು. ಹತ್ತಾರು ನಕ್ಷೆಗಳನ್ನು ಕೈಯಿಂದ ಹೊಂದಿಸಿ ನೋಡುವ ವೆಚ್ಚ ಭರಿಸಲಾರದಷ್ಟಾಗಿ ಆ ಯೋಜನೆ ಅಲ್ಲಿಗೇ ನಿಂತಿತು. ಆದರೆ ಆ ಪ್ರಶ್ನೆ ಅವರನ್ನು ಬಿಡಲಿಲ್ಲ. 1960ರ ದಶಕದಲ್ಲಿ ಕೆನಡಾ ಸರ್ಕಾರ ಸುಮಾರು 26 ಲಕ್ಷ ಚದರ ಕಿಲೋಮೀಟರ್ ನೆಲದ ಗುಣವನ್ನು ವ್ಯವಸಾಯ, ಅರಣ್ಯ, ವನ್ಯಜೀವಿ, ವಿಹಾರ ಎಂದು ವಿಂಗಡಿಸಲು ಹೊರಟಾಗ, ಅದಕ್ಕಾಗಿ ಅವರ ಮುಂದಾಳತ್ವದಲ್ಲಿ ರೂಪುಗೊಂಡದ್ದೇ ಕೆನಡಾ ಜಿಐಎಸ್. ನಕ್ಷೆಯನ್ನು ಉರುಳೆಗೆ ಸುತ್ತಿ ಓದಿ ಅಂಕಿಗಳಾಗಿಸುವ ಸ್ಕ್ಯಾನರನ್ನು ಐಬಿಎಂ ಅದಕ್ಕೆಂದೇ ನಿರ್ಮಿಸಿಕೊಟ್ಟಿತು. 2014ರಲ್ಲಿ ನಿಧನರಾದ ಟಾಮ್ಲಿನ್‌ಸನ್ನರನ್ನು ಜಗತ್ತು ಜಿಐಎಸ್‌ನ ಜನಕನೆಂದು ಸ್ಮರಿಸುತ್ತದೆ.

ಇದರ ಕಾರ್ಯವಿಧಾನ ಸರಳವಾಗಿದೆ. ಪ್ರತಿಯೊಂದು ವಸ್ತುವಿಗೂ 'ಎಲ್ಲಿದೆ' ಮತ್ತು 'ಏನಿದೆ' ಎಂಬ ಎರಡು ಉತ್ತರಗಳುಂಟು. ಬಾವಿ ಒಂದು ಬಿಂದು, ಹೊಳೆ ಒಂದು ರೇಖೆ, ಹೊಲ ಒಂದು ಬಹುಭುಜ, ಇವು 'ಎಲ್ಲಿ'. ಪ್ರತಿಯೊಂದಕ್ಕೂ ಅಂಟಿಕೊಂಡ ಕೋಷ್ಟಕ 'ಏನು'. ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ, ಗ್ರಾಮನಕ್ಷೆ ಚಿತ್ರ, ಪಹಣಿ ಕೋಷ್ಟಕ, ಎರಡನ್ನೂ ಬೆಸೆಯುವ ದಾರ ಸರ್ವೆ ನಂಬರು. ಉಪಗ್ರಹದ ಚಿತ್ರಗಳಾದರೋ ಸಣ್ಣ ಸಣ್ಣ ಚೌಕಗಳಾಗಿ ಬರುತ್ತವೆ. ಪ್ರತಿ ಚೌಕಕ್ಕೂ ಒಂದು ಅಂಕಿ. 'ಹೊಳೆಗೆ 500 ಮೀಟರ್ ಒಳಗಿರುವ ಕಪ್ಪುಮಣ್ಣಿನ ಹೊಲಗಳು ಯಾವುವು?' ಎಂದು ಕೇಳಿದರೆ, ಗಣಕವು ಹೊಳೆಯ ಇಬ್ಬದಿಗೂ ಅಷ್ಟಗಲದ ಪಟ್ಟಿ ಎಳೆದು, ಮಣ್ಣಿನ ಪದರ, ಹೊಲಗಳ ಪದರಗಳೊಡನೆ ಕೂಡಿಸಿ, ಉತ್ತರವನ್ನು ಆರಿಸಿಕೊಡುತ್ತದೆ.

ಆದರೆ ಪದರಗಳೆಲ್ಲ ಒಂದೇ ಅಳತೆಯ ಚೌಕಟ್ಟಿನಲ್ಲಿರಬೇಕು. ಗುಂಡಾದ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಎಲ್ಲೋ ಒಂದೆಡೆ ಎಳೆಯಲೇಬೇಕು; ಒಬ್ಬೊಬ್ಬ ನಕ್ಷಾಕಾರ ಒಂದೊಂದು ಬಗೆಯಲ್ಲಿ ಎಳೆಯುತ್ತಾನೆ. ಹಾಗೆ ಎಳೆದ ಎರಡು ನಕ್ಷೆಗಳನ್ನು ಹೊಂದಿಸದೆ ಕೂಡಿಸಿದರೆ ಕರಾವಳಿ ಸಮುದ್ರಕ್ಕೆ ಜಾರುತ್ತದೆ.

ಇದನ್ನು ಓದಿದ ದಿನ ನನಗೆ ನಿಮ್ಮಲ್ಲೊಬ್ಬನ ಮುಖ ನೆನಪಾಯಿತು. ಅವನ ಮಳೆಯ ಹಾಳೆ ಬೆಳೆಯ ಹಾಳೆಯೊಡನೆ ಕೂಡಲೇ ಇಲ್ಲ. ಪಶ್ಚಿಮಘಟ್ಟ ಅರಬ್ಬೀ ಸಮುದ್ರದಲ್ಲಿ ನಿಂತಿತ್ತು. ಅಜಾಗರೂಕತೆಯೆಂದು ಎಲ್ಲರೆದುರು ಗದರಿಸಿ, ಮೂರು ಬಾರಿ ಬರೆಸಿದೆ. ಮೂರು ಬಾರಿಯೂ ಅದು ಹಾಗೆಯೇ ಬಂದಿತು. ನಾನು ಅವನಿಗೆ ಕೊಟ್ಟದ್ದು ಎರಡು ಬೇರೆ ಬೇರೆ ಪುಸ್ತಕಗಳ ನಕ್ಷೆಗಳನ್ನು! ಹುಡುಗ ಕಂಡದ್ದನ್ನು ನಿಷ್ಠೆಯಿಂದ ಬರೆದಿದ್ದ, ಹೊಂದಿಸಿಕೊಡಬೇಕಾದವನು ನಾನಾಗಿದ್ದೆ.

ಮಗೂ, ನೀನು ಇದನ್ನು ಓದುತ್ತಿದ್ದರೆ, ತಪ್ಪು ನಿನ್ನದಾಗಿರಲಿಲ್ಲ. ತಡವಾಯಿತು, ಕ್ಷಮಿಸು.