ಮಡಚುವ ಚಾಕು: ಒಂದೊಂದು ಅಲಗಿನಲ್ಲೂ ಯಾರದೋ ಕೆಲಸದ ಕಥೆ

ಇವತ್ತಿನ ಸಂಚಿಕೆಯ ವಿಷಯ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ಮಡಚುವ ಚಾಕು. ಜೇಬುಚಾಕು ಅಂತೀವಲ್ಲ, ಅದೇ.

ಮೊದಲು ಎರಡು ಪ್ರಶ್ನೆ ಕೇಳ್ತೀನಿ. ಚಾಕುವಿನ ಒಳಗೆ ಸ್ಕ್ರೂಡ್ರೈವರ್ ಯಾಕೆ ಬಂತು? ಇದಕ್ಕೆ ಉತ್ತರ ಒಂದು ಬಂದೂಕಿನಲ್ಲಿದೆ. ಬಾಟಲಿಯ ಬಿರಡೆ ತೆಗೆಯೋ ತಿರುಪು ಯಾಕೆ ಬಂತು? ಇದಕ್ಕೆ ಉತ್ತರ ಪ್ಯಾರಿಸ್‌ಗೆ ಗುಳೆ ಹೋದ ಹಳ್ಳಿಗರ ಹತ್ತಿರ ಇದೆ. ಎರಡೂ ಕಥೆ ಹೇಳ್ತೀನಿ, ಕೇಳ್ತಾ ಹೋಗಿ.

ನಾನು ಇಂಥ ಚಾಕುಗಳನ್ನ ಕೂಡಿಡುವ ಹವ್ಯಾಸದವನು. ನನ್ನ ಹತ್ತಿರ 27 ಇವೆ. ದುಬಾರಿಯದ್ದು ಯಾವುದೂ ಇಲ್ಲ. ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಹಳೇ ಬೀಗ, ಮುರಿದ ಗಡಿಯಾರಗಳ ಮಧ್ಯೆ ಸಿಕ್ಕಿದವೇ ಜಾಸ್ತಿ. ಹವ್ಯಾಸ ಅಂದ ತಕ್ಷಣ ಕೆಲವರು ಮುಖ ಸಿಂಡರಿಸ್ತಾರೆ. "ಚಾಕು ಕೂಡಿಡ್ತೀಯಾ? ಏನ್ ರೌಡಿನಾ?" ಅಂತ. ಅಂಚೆಚೀಟಿ ಕೂಡಿಡೋರಿಗೆ ಈ ಪ್ರಶ್ನೆ ಬರಲ್ಲ. ಚಾಕುವಿಗೆ ಈ ಕೆಟ್ಟ ಹೆಸರು ಯಾವಾಗ ಅಂಟಿಕೊಳ್ತು ಅನ್ನೋದೇ ಒಂದು ಇತಿಹಾಸ. ಇವತ್ತು ಅದನ್ನೇ ನೋಡೋಣ.

ಮಡಚುವ ಚಾಕು ಎಷ್ಟು ಹಳೆಯದು? ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂಬಲ್ಲಿ ಮೂಳೆಯ ಹಿಡಿ ಇರುವ ಒಂದು ಸಿಕ್ಕಿದೆ. ಅದರ ಕಾಲ ಕ್ರಿ.ಪೂ. 600-500ರ ಆಸುಪಾಸು. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿರುವ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿ ರೋಮನ್ನರ ಕಾಲದ ಬೆಳ್ಳಿಯ ಒಂದು ಸಾಧನ ಇದೆ. ಕ್ರಿ.ಶ. 3ನೇ ಶತಮಾನದ ಸುಮಾರಿನದು. ಅದರಲ್ಲಿ ಚಾಕು, ಚಮಚ, ಮೂರು ಹಲ್ಲಿನ ಫೋರ್ಕ್, ಕಡ್ಡಿ, ಎಲ್ಲಾ ಮಡಚಿಕೊಳ್ತವೆ. ಊಟದ ಸಾಮಾನನ್ನ ಜೊತೆಗೇ ಒಯ್ಯುವ ಪ್ರಯಾಣಿಕನ ವಸ್ತು ಇರಬೇಕು. ಅಂದ್ರೆ ಉಪಾಯ ತುಂಬಾ ಹಳೆಯದು: ಅಲಗಿನ ಹರಿತ ಉಳೀಬೇಕು, ಜೇಬು ಹರೀಬಾರದು, ಕೈ ಕುಯ್ಯಬಾರದು.

ಈಗ ಇಂಗ್ಲಿಷಿನ 'ಪೆನ್‌ನೈಫ್' ಅನ್ನೋ ಪದಕ್ಕೆ ಬನ್ನಿ. ಪೆನ್ನಿಗೂ ಚಾಕುವಿಗೂ ಏನು ಸಂಬಂಧ? ಹಿಂದೆ ಯುರೋಪಿನಲ್ಲಿ ಹೆಬ್ಬಾತಿನ ಗರಿಯಿಂದ ಬರೀತಿದ್ರು. ಬರೆದಷ್ಟೂ ಗರಿಯ ತುದಿ ಸವೆಯುತ್ತೆ. ಮತ್ತೆ ಮತ್ತೆ ಹೆರೆದು ಚೂಪು ಮಾಡ್ಕೋಬೇಕು. ಅದಕ್ಕೆ ಪುಟ್ಟ ಚಾಕು ಬೇಕು. ಗುಮಾಸ್ತ, ವಿದ್ಯಾರ್ಥಿ, ಕವಿ ಎಲ್ಲರ ಮೇಜಿನ ಮೇಲೂ ಅದು ಇರ್ತಿತ್ತು. ಗರಿಯ ಪೆನ್ನು ಹೋಯ್ತು, ಚಾಕುವಿನ ಹೆಸರಲ್ಲಿ ಪೆನ್ನು ಉಳೀತು.

ಇಂಥ ಚಾಕುಗಳಿಗೆ ಹೆಸರಾದ ಊರು ಇಂಗ್ಲೆಂಡಿನ ಶೆಫೀಲ್ಡ್. ಅಲ್ಲಿ ಒಬ್ಬ ಕಬ್ಬಿಣ ಬಡಿಯೋನು, ಇನ್ನೊಬ್ಬ ಸಾಣೆ ಹಿಡಿಯೋನು, ಮತ್ತೊಬ್ಬ ಹಿಡಿ ಜೋಡಿಸೋನು. ಸಾಣೆ ಹಿಡಿಯೋರ ಶ್ವಾಸಕೋಶಕ್ಕೆ ಕಲ್ಲಿನ ಪುಡಿ ಸೇರಿ ಎಷ್ಟೋ ಜನ ಚಿಕ್ಕ ವಯಸ್ಸಿಗೇ ಸಾಯ್ತಿದ್ರು. ಮಿರಿಮಿರಿ ಮಿಂಚೋ ಹಳೇ ಶೆಫೀಲ್ಡ್ ಚಾಕು ಕೈಗೆ ಬಂದಾಗ ನನಗೆ ಆ ಹೊಳಪಿನ ಬೆಲೆ ನೆನಪಾಗುತ್ತೆ.

ಈ ಪೆನ್‌ನೈಫ್ ಕಥೆಯಲ್ಲಿ ನಮ್ಮದೂ ಒಂದು ಪಾತ್ರ ಇದೆ. 1794ರಲ್ಲಿ ಬಾಂಬೆಯಿಂದ ಲಂಡನ್‌ಗೆ ಭಾರತದ ಉಕ್ಕಿನ ಕೆಲವು ತುಂಡುಗಳು ಹೋದವು. ಅವರು ಅದನ್ನ 'ವೂಟ್ಜ್' ಅಂತ ಕರೆದರು. ನಮ್ಮ 'ಉಕ್ಕು' ಅನ್ನೋ ಪದವೇ ಹಾಗೆ ಬದಲಾಯ್ತು ಅಂತ ಬಹಳ ಜನ ವಿದ್ವಾಂಸರ ಅಭಿಪ್ರಾಯ. ಆ ಉಕ್ಕಿನ ಗುಣ ಪರೀಕ್ಷೆ ಮಾಡೋಕೆ ಜೇಮ್ಸ್ ಸ್ಟೊಡಾರ್ಟ್ ಎಂಬ ಲಂಡನ್ನಿನ ಕುಶಲಕರ್ಮಿ ಅದರಿಂದ ಏನು ಮಾಡಿದ ಗೊತ್ತಾ? ಒಂದು ಪೆನ್‌ನೈಫ್! ಮುಂದೆ ಇದೇ ಸ್ಟೊಡಾರ್ಟ್, ವಿಜ್ಞಾನಿ ಮೈಕೆಲ್ ಫ್ಯಾರಡೆ ಜೊತೆ ಸೇರಿ ಉಕ್ಕಿನ ಮೇಲೆ ಪ್ರಯೋಗ ನಡೆಸಿದ. ಮೈಸೂರು ಸೀಮೆಯಲ್ಲೂ ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡ್ತಿದ್ದುದನ್ನ 1800ರಲ್ಲಿ ಇಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟಿದ್ದಾನೆ.

ಸರಿ, ಈಗ ಫ್ರಾನ್ಸ್‌ಗೆ ಹೋಗೋಣ. ದಕ್ಷಿಣ ಫ್ರಾನ್ಸಿನ ಗುಡ್ಡಗಾಡಿನಲ್ಲಿ ಲಾಯೋಲ್ ಅಂತ ಒಂದು ಊರು. ದನ ಸಾಕುವವರ ಸೀಮೆ. 1829ರ ಸುಮಾರಿಗೆ ಅಲ್ಲಿ ಆ ಊರಿನದೇ ಹೆಸರಿನ ಮಡಚುವ ಚಾಕು ಶುರುವಾಯ್ತು. 1840ರ ಹೊತ್ತಿಗೆ ಅದಕ್ಕೆ ದಬ್ಬಳದಂಥ ಒಂದು ಮೊನೆ ಸೇರ್ಕೊಳ್ತು. ಯಾಕೆ? ಹಸಿ ಮೇವು ಜಾಸ್ತಿ ತಿಂದ ಹಸುವಿಗೆ ಹೊಟ್ಟೆ ಉಬ್ಬರ ಬರುತ್ತೆ. ಗಾಳಿ ಹೊರಗೆ ಬರದಿದ್ರೆ ಹಸು ಸತ್ತೇ ಹೋಗಬಹುದು. ಆಗ ಹೊಟ್ಟೆಯ ಎಡಭಾಗದಲ್ಲಿ ಸರಿಯಾದ ಜಾಗಕ್ಕೆ ಚುಚ್ಚಿ ಗಾಳಿ ಬಿಡಬೇಕು. ಹಳ್ಳಿಯಿಂದ ಕೇಳ್ತಿರೋರಿಗೆ ಇದು ಹೊಸದಲ್ಲ, ನಮ್ಮ ಪಶುವೈದ್ಯರೂ ತುರ್ತು ಸಮಯದಲ್ಲಿ ಇದನ್ನ ಮಾಡ್ತಾರೆ. ಆ ದನಗಾಹಿಯ ಜೇಬಿನಲ್ಲಿದ್ದದ್ದು ಹಸುವಿನ ಜೀವ ಉಳಿಸೋ ಸಾಧನ.

ಆಮೇಲೆ 1880. ಆ ಸೀಮೆಯ ಜನ ಚಳಿಗಾಲದಲ್ಲಿ ಕೆಲಸ ಹುಡುಕ್ಕೊಂಡು ಪ್ಯಾರಿಸ್‌ಗೆ ಗುಳೆ ಹೋಗ್ತಿದ್ರು. ಅಲ್ಲಿ ಕಲ್ಲಿದ್ದಲು ಮಾರಿದ್ರು, ನೀರು ಹೊತ್ತರು, ನಿಧಾನವಾಗಿ ಸಣ್ಣ ಸಣ್ಣ ಕೆಫೆ ಇಟ್ಟರು. ಕೆಫೆಯಲ್ಲಿ ಏನು ಬೇಕು? ವೈನ್ ಬಾಟಲಿಯ ಬಿರಡೆ ತೆಗೀಬೇಕು. ಊರಿನ ಚಾಕುವಿಗೆ ತಿರುಪು ಬಂತು. ದನಗಾಹಿ ಹೋಟೆಲ್ ಮಾಲೀಕನಾದ ಕಥೆ ಒಂದು ಚಾಕುವಿನಲ್ಲಿ ಕೂತಿದೆ. ಇಡೀ ಊರು ವಲಸೆ ಹೋದದ್ದನ್ನ ಇಷ್ಟು ಚಿಕ್ಕದಾಗಿ ಹೇಳೋ ದಾಖಲೆ ನಾನು ಬೇರೆ ಕಂಡಿಲ್ಲ.

ಈಗ ಆ ಬಂದೂಕಿನ ಕಥೆ. ಸ್ವಿಸ್ ಸೈನ್ಯ 1889ರಲ್ಲಿ ಹೊಸ ರೈಫಲ್ ತಂದಿತು. ಅದನ್ನ ಬಿಚ್ಚಿ ಒರೆಸಿ ಮತ್ತೆ ಜೋಡಿಸೋಕೆ ಸ್ಕ್ರೂಡ್ರೈವರ್ ಬೇಕಿತ್ತು. ಡಬ್ಬಿಯಲ್ಲಿ ತುಂಬಿದ ಆಹಾರವೂ ಸೈನ್ಯಕ್ಕೆ ಬರ್ತಿತ್ತು, ಅದನ್ನ ತೆರೆಯೋಕೆ ಏನಾದ್ರೂ ಬೇಕು. ಹಾಗಾಗಿ 1890ರ ಮಾದರಿಯ ಚಾಕುವಿನಲ್ಲಿ ನಾಲ್ಕು ಉಪಕರಣ: ಅಲಗು, ದಬ್ಬಳ, ಡಬ್ಬಿ ಓಪನರ್, ಸ್ಕ್ರೂಡ್ರೈವರ್. ಹಿಡಿ ಮರದ್ದು. ತಮಾಷೆ ಅಂದ್ರೆ, ಅಷ್ಟು ಚಾಕು ಮಾಡೋ ಸಾಮರ್ಥ್ಯ ಆಗ ಸ್ವಿಟ್ಜರ್ಲೆಂಡಿನಲ್ಲಿ ಯಾರಿಗೂ ಇರಲಿಲ್ಲ. ಮೊದಲ ಸ್ವಿಸ್ ಸೈನ್ಯದ ಚಾಕು ತಯಾರಾದದ್ದು ಜರ್ಮನಿಯ ಸೋಲಿಂಗೆನ್‌ನಲ್ಲಿ!

ಇದನ್ನ ಕಂಡು ಸುಮ್ಮನಿರದವನು ಕಾರ್ಲ್ ಎಲ್ಸನರ್. ಈತ 1884ರಲ್ಲಿ ಈಬಾಖ್ ಎಂಬ ಹಳ್ಳಿಯಲ್ಲಿ ಚಾಕುವಿನ ಕಾರ್ಯಾಗಾರ ಇಟ್ಟಿದ್ದ. ಅದು ಬಡ ಸೀಮೆ, ಕೆಲಸ ಇಲ್ಲದೆ ಜನ ದೇಶ ಬಿಟ್ಟು ಹೋಗ್ತಿದ್ರು. 1891ರಲ್ಲಿ ಬೇರೆ ಚಾಕು ತಯಾರಕರನ್ನೂ ಸೇರಿಸಿಕೊಂಡು ಸೈನ್ಯಕ್ಕೆ ಚಾಕು ಪೂರೈಸೋಕೆ ಶುರು ಮಾಡಿದ. ಆದರೆ ಜರ್ಮನಿಯ ಕಾರ್ಖಾನೆ ಕಡಿಮೆ ಬೆಲೆಗೆ ಕೊಡ್ತಿತ್ತು. ಜೊತೆಗಾರರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಎಲ್ಸನರ್ ಸಾಲದಲ್ಲಿ ಮುಳುಗಿದ, ನೆಂಟರು ಕೈ ಹಿಡಿದಿದ್ದರಿಂದ ಉಳಿದ.

ದಾರಿ ತೋರಿಸಿದ್ದು ಒಂದು ಸ್ಪ್ರಿಂಗ್. ಒಂದೇ ಸ್ಪ್ರಿಂಗ್‌ನ ಬಲದ ಮೇಲೆ ಹಿಡಿಯ ಎರಡೂ ಬದಿಗೆ ಉಪಕರಣ ಕೂರಿಸೋದನ್ನ ಕಂಡುಕೊಂಡ. ಇದರಿಂದ ಚಾಕು ಹಗುರವಾಯ್ತು, ಇನ್ನೊಂದು ಸಣ್ಣ ಅಲಗಿಗೂ ತಿರುಪಿಗೂ ಜಾಗ ಸಿಕ್ತು. 1897ರ ಜೂನ್ 12ರಂದು 'ಆಫೀಸರ್ ಚಾಕು' ಅಂತ ನೋಂದಣಿ ಮಾಡಿಸಿದ. ಸೈನ್ಯ ಇದನ್ನ ಅಧಿಕೃತವಾಗಿ ಕೊಡಲಿಲ್ಲ, ಅಧಿಕಾರಿಗಳೇ ತಮ್ಮ ದುಡ್ಡಲ್ಲಿ ಕೊಂಡರು. 1909ರಲ್ಲಿ ಅಮ್ಮ ವಿಕ್ಟೋರಿಯಾ ತೀರಿಕೊಂಡಾಗ ಆಕೆಯ ಹೆಸರನ್ನೇ ಚಾಕುವಿಗೆ ಇಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕು, ಅಂದ್ರೆ 'ಇನಾಕ್ಸ್' ಬಂತು. ವಿಕ್ಟೋರಿಯಾ, ಇನಾಕ್ಸ್ ಸೇರಿ ವಿಕ್ಟೋರಿನಾಕ್ಸ್. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೈನಿಕರು ಇದನ್ನ ಕೊಂಡು ಮನೆಗೆ ಒಯ್ದರು. ಜರ್ಮನ್ ಹೆಸರು ನಾಲಿಗೆಗೆ ಹತ್ತದೆ 'ಸ್ವಿಸ್ ಆರ್ಮಿ ನೈಫ್' ಅಂದರು. ಅದೇ ಹೆಸರು ನಿಂತಿತು.

ಇಲ್ಲಿಯವರೆಗೆ ಕೇಳಿದ್ರಲ್ಲ, ಎಲ್ಲೂ ರಕ್ತ ಇಲ್ಲ. ಹಾಗಾದ್ರೆ ಕೆಟ್ಟ ಹೆಸರು ಎಲ್ಲಿಂದ ಬಂತು?

ಜಪಾನ್ ನೋಡಿ. 1890ರ ದಶಕದಿಂದ ಮಿಕಿ ಎಂಬ ಊರಿನಲ್ಲಿ 'ಹಿಗೊನೊಕಾಮಿ' ಅನ್ನೋ ಸರಳ ಮಡಚುವ ಚಾಕು ಮಾಡ್ತಿದ್ರು. ಶಾಲಾ ಮಕ್ಕಳು ಅದರಿಂದಲೇ ಪೆನ್ಸಿಲ್ ಹೆರೀತಿದ್ರು. 1960ರ ಅಕ್ಟೋಬರ್‌ನಲ್ಲಿ ಸಮಾಜವಾದಿ ನಾಯಕ ಅಸಾನುಮಾ ಅವರನ್ನ 17ರ ಹುಡುಗನೊಬ್ಬ ವೇದಿಕೆಯ ಮೇಲೇ ಇರಿದು ಕೊಂದ. ಬಳಸಿದ್ದು ಗಿಡ್ಡ ಕತ್ತಿ, ಪೆನ್ಸಿಲ್ ಚಾಕು ಅಲ್ಲ. ಆದರೆ ಮಕ್ಕಳ ಕೈಯಿಂದ ಚಾಕು ಬಿಡಿಸುವ ಚಳವಳಿ ದೇಶಾದ್ಯಂತ ಎದ್ದಿತು. ಪೆನ್ಸಿಲ್ ಶಾರ್ಪನರ್ ಕೂಡ ಬಂದಿತ್ತು. ಇವತ್ತು ಆ ಹೆಸರಿನಲ್ಲಿ ಚಾಕು ಮಾಡುವ ಅಧಿಕೃತ ಮನೆತನ ಒಂದೇ ಉಳಿದಿದೆ.

ನಮ್ಮ ದೇಶದ್ದು ರಾಂಪುರಿ. ಉತ್ತರ ಪ್ರದೇಶದ ರಾಂಪುರದ ಕಸುಬುದಾರರ ಕೈಚಳಕ. ಹಿತ್ತಾಳೆ ಹಿಡಿ, ಉದ್ದ ಅಲಗು. ಹಿಂದಿ ಸಿನಿಮಾದ ಖಳನಾಯಕರು ಅದನ್ನ ಹಿಡಿದು ಹಿಡಿದು ದೇಶಕ್ಕೆಲ್ಲ ಪರಿಚಯ ಮಾಡಿಸಿದ್ರು. 1990ರ ದಶಕದಲ್ಲಿ ಅಲ್ಲಿನ ಸರ್ಕಾರ 4.5 ಇಂಚಿಗಿಂತ ಉದ್ದದ ಅಲಗನ್ನ ನಿಷೇಧಿಸಿತು. ಸಿನಿಮಾ ಕೊಟ್ಟ ಖ್ಯಾತಿ ಮಾಡಿದವರ ಅನ್ನಕ್ಕೇ ಕುತ್ತಾಯ್ತು, ಎಷ್ಟೋ ಜನ ಕಸುಬು ಬಿಟ್ಟರು. 2023ರಲ್ಲಿ ರಾಂಪುರದ ವೃತ್ತವೊಂದರಲ್ಲಿ ಸುಮಾರು 20 ಅಡಿಯ ಚಾಕುವಿನ ಪ್ರತಿಮೆ ನಿಂತಿದೆ. ಪ್ರತಿಮೆ ದೊಡ್ಡದಾಯ್ತು, ಕಸುಬು ಚಿಕ್ಕದಾಯ್ತು.

ನನಗೆ ಅನ್ನಿಸೋದು ಇಷ್ಟು. ಚಾಕು ಮಾಡ್ತಿದ್ದ ಕೆಲಸ ನಮ್ಮ ಬದುಕಿನಿಂದ ಹೋದ ಮೇಲೆ ಅದರಲ್ಲಿ ನಮಗೆ ಆಯುಧ ಮಾತ್ರ ಕಾಣಿಸುತ್ತೆ. ಗರಿ ಹೆರೆಯೋರಿಲ್ಲ, ಪೆನ್ಸಿಲ್ ಹೆರೆಯೋರಿಲ್ಲ, ಜೇಬಲ್ಲಿ ಚಾಕು ಇದ್ದರೆ ಅನುಮಾನ. ಭಯಕ್ಕೆ ಕಾರಣ ಇಲ್ಲ ಅಂತ ನಾನು ಹೇಳ್ತಿಲ್ಲ. 2001ರ ಸೆಪ್ಟೆಂಬರ್ 11ರ ನಂತರ ವಿಮಾನ ನಿಲ್ದಾಣಗಳು ಚಾಕುವನ್ನ ತಡೆದವು. ವಿಕ್ಟೋರಿನಾಕ್ಸ್‌ನ ಚಾಕು ಮಾರಾಟ ಸುಮಾರು ಶೇ 30ರಷ್ಟು ಬಿದ್ದುಹೋಯ್ತು. ಕಂಪನಿ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ, ಕೆಲವರನ್ನ ಅಕ್ಕಪಕ್ಕದ ಕಂಪನಿಗಳಿಗೆ ಎರವಲು ಕಳಿಸಿತು. ಊರಿಗೆ ಕೆಲಸ ಕೊಡೋಕೆ ಅಂತ ಹುಟ್ಟಿದ ಕಾರ್ಖಾನೆ ಮಾತು ಉಳಿಸಿಕೊಳ್ತು. 2024ರಲ್ಲಿ ಅವರೇ, ಅಲಗೇ ಇಲ್ಲದ ಮಾದರಿ ತಯಾರು ಮಾಡ್ತಿದ್ದೀವಿ ಅಂತ ಹೇಳಿದ್ರು. ಅಲಗಿಲ್ಲದ ಚಾಕು! ನಾಳೆಯ ಸಂಗ್ರಾಹಕರು ಅದನ್ನ ನೋಡಿ ನಮ್ಮ ಕಾಲದ ಭಯವನ್ನ ಓದ್ತಾರೆ.

ನೀವೂ ಈ ಹವ್ಯಾಸ ಶುರು ಮಾಡೋದಾದ್ರೆ ಮೂರು ಮಾತು. ಒಂದು, ಅಲಗಿನ ಬುಡ ನೋಡಿ. ತಯಾರಕರ ಮುದ್ರೆ ಅಲ್ಲಿರುತ್ತೆ. ಸ್ವಿಸ್ ಸೈನಿಕರ ಅಲ್ಯುಮಿನಿಯಂ ಹಿಡಿಯ ಚಾಕುಗಳಲ್ಲಿ ವರ್ಷದ ಕೊನೆಯ ಎರಡು ಅಂಕಿಯೂ ಇರುತ್ತೆ, 65 ಅಂದ್ರೆ 1965. ಎರಡು, ಹಳೇ ಉಕ್ಕಿನ ಕಪ್ಪು ಬಣ್ಣವನ್ನ ಉಜ್ಜಿ ತೆಗೀಬೇಡಿ, ಅದು ಬಳಸಿದವರ ಗುರುತು. ಕೆಂಪು ತುಕ್ಕನ್ನ ಮಾತ್ರ ನಿಲ್ಲಿಸಿ, ಒಂದು ಹನಿ ಎಣ್ಣೆ ಸಾಕು. ಮೂರು, ಮನೆಯ ಪೆಟ್ಟಿಗೆಯಲ್ಲಿರಲಿ, ಬಸ್ಸಿಗೆ, ಜಾತ್ರೆಗೆ, ವಿಮಾನಕ್ಕೆ ತರಬೇಡಿ.

ಅದಕ್ಕಿಂತ ಮೊದಲು ಮನೆಯಲ್ಲೇ ಹುಡುಕಿ. ತಾತನ ಟ್ರಂಕಿನಲ್ಲಿ, ಅಜ್ಜಿಯ ಎಲೆಅಡಿಕೆ ಡಬ್ಬಿಯಲ್ಲಿ ಒಂದು ಮಡಚುವ ಚಾಕು ಇರಬಹುದು. ಸಿಕ್ಕಿದ್ರೆ ರೇಟ್ ಎಷ್ಟು ಅಂತ ಗೂಗಲ್ ಮಾಡೋಕೆ ಮುಂಚೆ, ಇದರಿಂದ ಏನು ಕೆಲಸ ಮಾಡ್ತಿದ್ರಿ ಅಂತ ಹಿರಿಯರನ್ನ ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಚಾಕು ಇನ್ನೂ ನೂರು ವರ್ಷ ಇರುತ್ತೆ. ಆ ಉತ್ತರ ಹೇಳೋರು ಇರಲ್ಲ.